ಅಭಿಪ್ರಾಯದ ಪುಸ್ತಕ ಮತ್ತು ಕೊಟ್ರಪ್ಪ ಕಾಕಾ

ಕೊಟ್ರಪ್ಪ ಕಾಕಾ ಬರೆಯುವಾಗ ಕಾಗದದ ಕಡೆ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಕುತ್ತಿಗೆ ಓರೆ ಮಾಡಿ, ಎಡಗಿವಿಯನ್ನು ಮಾತಾಡುವವರ ಬಾಯಿಯ ಹತ್ತಿರ ತಂದು ಕೂತರೆ ಬಲಗೈ ತನ್ನಷ್ಟಕ್ಕೆ ಓಡುತ್ತಿತ್ತು. ಸಾಲು ಒಂದಿಷ್ಟೂ ಡೊಂಕಾಗುತ್ತಿರಲಿಲ್ಲ. ಮುಗಿದ ಮೇಲೆ ಕಣ್ಣು ತೆರೆದು, "ಈಗ ಕೇಳ್ರಿ, ನೀವ ಏನಂದ್ರಿ ಅಂತ" ಎಂದು ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತಿದ್ದರು. ಹೇಳಿದವರು ಹೌದೆಂದ ಮೇಲೆಯೇ ಹೆಬ್ಬೆಟ್ಟು.

ಅವರು ಹೊಸಪೇಟೆಯ ತಾಲೂಕು ಕಚೇರಿಯ ಜಗಲಿಯ ಮೇಲೆ ಕೂತು ಅರ್ಜಿ ಬರೆಯುತ್ತಿದ್ದವರು. ನಮಗೆ ರಕ್ತಸಂಬಂಧಿಯಲ್ಲ. ನಮ್ಮ ಅಕ್ಕಿ ಮಿಲ್ಲಿನ ಹಿಂದೆ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಓಣಿಯ ಮಕ್ಕಳಿಗೆಲ್ಲ ಅವರು ಕಾಕಾ.

ಒಂದು ಸಲ ಪಾಪಿನಾಯಕನಹಳ್ಳಿಯ ರೈತನೊಬ್ಬ ಶಾನುಭೋಗರ ಮೇಲೆ ಅರ್ಜಿ ಬರೆಸಲು ಬಂದ. ಸಿಟ್ಟಿನಲ್ಲಿ ಶಾನುಭೋಗರ ಏಳು ತಲೆಮಾರನ್ನೂ ಬೈದ. ಕಾಕಾ ಕಣ್ಣು ಮುಚ್ಚಿಕೊಂಡು ಅಷ್ಟನ್ನೂ ಬರೆದರು, ಆಮೇಲೆ ಗಂಭೀರವಾಗಿ ಓದಿ ಹೇಳಿದರು. ಜಗಲಿಯ ಮೇಲೆ ಕೂತಿದ್ದವರೆಲ್ಲ ಕೇಳಿಸಿಕೊಂಡರು.

ರೈತ ಮುಖ ಕೆಳಗೆ ಹಾಕಿ, "ಇದನ್ನೂ ಬರದಿರೇನ್ರಿ?" ಎಂದ.

"ನೀವಂದ್ರಿ, ನಾ ಬರದೆ. ಮಾತು ನಿಮ್ದು, ಮಸಿ ನಂದು. ನಾನು ಹೊಡದು ಹಾಕಂಗಿಲ್ಲ. ನೀವ ಬ್ಯಾಡ ಅಂದ್ರ ಬ್ಯಾರೆ ಹಾಳಿ ತಗೋತೀನಿ."

ಬೇರೆ ಹಾಳೆಯ ಮೇಲೆ ಬರೆದ ಅರ್ಜಿ ಮೂರೇ ಸಾಲಿನದಾಯಿತು. ಅದರಿಂದಲೇ ಕೆಲಸವಾಯಿತು ಎಂದು ಅಪ್ಪಾಜಿ ನಗುತ್ತಾ ಹೇಳುತ್ತಿದ್ದರು. ಬರೆಸಿದವರ ಮಾತಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಮಾಡಿ ಕಾಕಾಗೆ ಗೊತ್ತಿರಲಿಲ್ಲ. ನಾನು ನೋಡಿದಂತೆ ಒಂದೇ ಒಂದು ಬೆಳಿಗ್ಗೆ ಮಾಡಿದರು. ಆ ಬೆಳಿಗ್ಗೆ ನಾನು ಅವರ ಪಕ್ಕದಲ್ಲೇ ಕೂತಿದ್ದೆ.

ಅದು ಯುದ್ಧದ ಕಾಲ. ನಾನು ಬಳ್ಳಾರಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ಹದಿನೈದರ ವಯಸ್ಸು, ನಾಲಿಗೆಯ ತುದಿಯಲ್ಲಿ ಇಂಗ್ಲಿಷು, ತಲೆಯಲ್ಲಿ ಸಾಕಷ್ಟು ಗಾಳಿ. ರಜೆಗೆ ಊರಿಗೆ ಬಂದಾಗ ನನಗೆ ಬೇಕಾಗಿದ್ದು ಎರಡೇ: ಅಮ್ಮನ ಕೈಯ ಊಟ ಮತ್ತು ಮದ್ರಾಸಿನಿಂದ ಬರುತ್ತಿದ್ದ ಒಂದು ಕನ್ನಡ ವಾರಪತ್ರಿಕೆಯ ಹಿಂದಿನ ಪುಟ. ಅಲ್ಲಿ ನಾಲ್ಕು ಚೌಕದಲ್ಲಿ ಡೊಳ್ಳಪ್ಪ ಜಮೇದಾರ ಎಂಬ ಪೊಲೀಸಿನವನ ಚಿತ್ರಗಳು. ಮಾತೇ ಇಲ್ಲ, ಬರೀ ಗೆರೆ. ದೊಡ್ಡ ಹೊಟ್ಟೆ, ಮೂರೇ ಕೂದಲಿನ ಮೀಸೆ. ಒಂದು ವಾರ ಆಡು ಅವನ ವಾರಂಟು ತಿಂದುಬಿಡುತ್ತಿತ್ತು, ಇನ್ನೊಂದು ವಾರ ಅವನೇ ಅಂಗಡಿಯ ಬಾಳೆಗೊನೆ ಮುಗಿಸುತ್ತಿದ್ದ. ಪತ್ರಿಕೆ ನಮ್ಮ ಮಿಲ್ಲಿಗೆ ಬಂದರೆ ಹಮಾಲರಿಂದ ಹಿಡಿದು ಅಪ್ಪಾಜಿಯವರೆಗೆ ಎಲ್ಲರೂ ಅದನ್ನು ತಿರುಗಿಸಿಯೇ ಹಿಡಿಯುತ್ತಿದ್ದರು.

ಆ ಡೊಳ್ಳಪ್ಪನನ್ನು ಯಾರೋ ಮದ್ರಾಸಿನಲ್ಲಿ ಟಾಕಿ ಮಾಡಿದರು. ನಿಜವಾದ ಮನುಷ್ಯರು, ನಿಜವಾದ ಆಡು. ನಮ್ಮ ಮಿಲ್ಲಿನ ಪಕ್ಕದ ಬಯಲಿನಲ್ಲಿ ಟೂರಿಂಗ್ ಟಾಕೀಸಿನವರು ಡೇರೆ ಹೊಡೆದಿದ್ದರು. ಆ ಪಿಕ್ಚರ್ ಬಂದಾಗ ಕಂಪ್ಲಿಯಿಂದಲೂ ಗಾಡಿ ಕಟ್ಟಿಕೊಂಡು ಜನ ಬಂದರು.

ಪಿಕ್ಚರ್ ತೆಗೆದವರಿಗೆ ಎರಡನೆಯ ಭಾಗ ಮಾಡುವ ಆಸೆ. ಜನ ಏನೆನ್ನುತ್ತಾರೆ ಬರೆದು ಕಳಿಸಿ ಎಂದು ಟಾಕೀಸಿನ ಮ್ಯಾನೇಜರಿಗೆ ಕಾಗದ ಬಂತು. ಮ್ಯಾನೇಜರು ಕೊಟ್ರಪ್ಪ ಕಾಕಾನನ್ನು ಹಿಡಿದರು. ಕಾಕಾ ಒಪ್ಪಿದರು, ಆದರೆ ಆಟ ಬಿಟ್ಟ ತಕ್ಷಣ ಬರೆದುಕೊಳ್ಳಲು ಒಪ್ಪಲಿಲ್ಲ. "ಆಟದಾಗ ಎಲ್ಲಾರೂ ನಗತಾರ್ರೀ. ಮುಂಜಾನೆ ಎದ್ದ ಮ್ಯಾಗ ಇನ್ನ ನಗು ಉಳದಿತ್ತಂದ್ರ ಅದು ಅಭಿಪ್ರಾಯ" ಎಂದರು. ಹಾಗಾಗಿ ದಿನಾ ಬೆಳಿಗ್ಗೆ ಕಚೇರಿ ತೆರೆಯುವ ಮೊದಲು ಡೇರೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಹಾಲು ಮಾರಿ ಬಂದವರು, ಸಂತೆಗೆ ಹೊರಟವರು ಎದುರಿಗೆ ಕುಕ್ಕರಗಾಲಲ್ಲಿ ಕೂತು ಒಂದು ಪುಸ್ತಕದಲ್ಲಿ ಅಭಿಪ್ರಾಯ ಬರೆಸುತ್ತಿದ್ದರು.

ಅರ್ಜಿ ಬರೆದ ಕೈ. ಪ್ರತಿ ಅಭಿಪ್ರಾಯಕ್ಕೂ ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಓಣಿ, ಕೆಳಗೆ ಹೆಬ್ಬೆಟ್ಟು. ಮ್ಯಾನೇಜರು, "ಏನ್ರೀ ಇದು, ಕೋರ್ಟಿನ ಸಾಕ್ಷಿ ಇದ್ದಂಗಿದೆ. ಇಷ್ಟೆಲ್ಲ ಯಾತಕ್ಕೆ?" ಎಂದು ಕೇಳಿದ್ದರು.

"ಹೆಸರಿಲ್ಲದಿದ್ರ ನಾನ ಕುಂತು ಬರದೀನಿ ಅಂತಾರ್ರೀ ಮದ್ರಾಸಿನವರು."

ಆ ಪುಸ್ತಕ ಓದುವುದು ಪಿಕ್ಚರಿಗಿಂತ ಮಜಾ. ಕ್ಷೌರದ ಈರಣ್ಣ ಬರೆಸಿದ್ದ: "ಪೇಪರಿನಾಗ ಡೊಳ್ಳಪ್ಪಗ ಮೂರು ಕೂದಲ ಮೀಸಿ. ಇಲ್ಲಿ ನೋಡಿದ್ರ ಪೊದಿ. ಒಂದ ಸಲ ನನ್ನ ಕೈಯಾಗ ಕೊಟ್ಟಿದ್ರ ಸರಿ ಮಾಡಿ ಕಳಸ್ತಿದ್ದೆ." ಕಂಪ್ಲಿಯ ಗಾಡಿಯವನೊಬ್ಬ: "ಎಲ್ಲಾರಕ್ಕಿಂತ ಆಡು ಚಲೋ ಮಾಡೈತಿ." ಹೂ ಕಟ್ಟುವ ಹುಲಿಗೆಮ್ಮನದು ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ: "ಪೇಪರಿನ ಚಿತ್ರದಾಗಿನ ಡೊಳ್ಳಪ್ಪ ಮಾತಾಡ್ತಿದ್ದಿಲ್ಲ. ನಾವ ಮನ್ಯಾಗ ಕುಂತು ಅವಗೊಂದು ದನಿ ಕೊಟ್ಟಿದ್ವಿ. ಈ ಮನಿಷ್ಯಾ ಬಂದು ಬ್ಯಾರೆ ದನೀಲೆ ಮಾತಾಡಿದ. ನಮ್ಮ ಡೊಳ್ಳಪ್ಪ ಹೋದ." ಎಷ್ಟೋ ವರ್ಷ ಆದ ಮೇಲೆ ದೊಡ್ಡ ದೊಡ್ಡ ಕ್ರಿಟಿಕ್ಸ್ ಇದೇ ಮಾತನ್ನು ಎರಡು ಕಾಲಂ ತುಂಬ ಬರೆದದ್ದು ಓದಿದ್ದೇನೆ.

ಆದರೆ ನಾಲ್ಕನೆಯ ದಿನದಿಂದ ಅಭಿಪ್ರಾಯಗಳು ಬೇರೆ ದಿಕ್ಕಿಗೆ ತಿರುಗಿದವು. ಆಗ ನಮ್ಮ ಊರಿಗೆ ಬಂದಿದ್ದ ಒಬ್ಬ ಸಬ್-ಇನ್ಸ್‌ಪೆಕ್ಟರು — ಹೆಸರು ಬೇಡ, ತೀರಿಹೋದವರು — ಪೇಟೆಯಲ್ಲಿ ನಡೆದರೆ ಯಾವ ಅಂಗಡಿಯನ್ನೂ ಬರಿಗೈಲಿ ದಾಟುತ್ತಿರಲಿಲ್ಲ. ರುಚಿ ನೋಡೋಣ ಎಂದು ಎತ್ತಿಕೊಂಡದ್ದು ಮನೆ ಸೇರುತ್ತಿತ್ತು. ಪಿಕ್ಚರಿನಲ್ಲಿ ಡೊಳ್ಳಪ್ಪ ಬಾಳೆಹಣ್ಣು ಸುಲಿಯುವಾಗಲೆಲ್ಲ ಡೇರೆಯಲ್ಲಿ ಏಳುತ್ತಿದ್ದ ನಗು ಡೊಳ್ಳಪ್ಪನನ್ನು ನೋಡಿ ಮಾತ್ರ ಬಂದದ್ದಾಗಿರಲಿಲ್ಲ. ಹಣ್ಣಿನಂಗಡಿ ಹುಲುಗಪ್ಪ ಬರೆಸಿಯೇಬಿಟ್ಟ: "ಇವರಿಗೆ ನನ್ನ ಅಂಗಡಿ ಯಾರು ತೋರ್ಸಿದ್ರು? ಸಿನಿಮಾದಾತ ಒಂದ ಹಣ್ಣು ತಿಂದ. ನಮ್ಮ ಸಾಹೇಬ್ರು ಗೊನಿ ಹೊತ್ಕೊಂಡು ಹೋಗ್ತಾರ." ಅದರ ಕೆಳಗೆ ತಂದೆಯ ಹೆಸರು, ಓಣಿ, ಕಪ್ಪಗೆ ಒತ್ತಿದ ಹೆಬ್ಬೆಟ್ಟು. ಅವನನ್ನು ನೋಡಿ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಒಂದು ವಾರದಲ್ಲಿ ಪುಸ್ತಕದ ಅರ್ಧ ಸಾಹೇಬರ ಮೇಲಿನ ಅಭಿಪ್ರಾಯವೇ ಆಯಿತು.

ನಾನೂ ಬರೆದೆ. ಒಂದು ಬೆಳಿಗ್ಗೆ ಜಂಬದಿಂದ ಪೆನ್ನು ಇಸಿದುಕೊಂಡು ಇಂಗ್ಲಿಷಿನಲ್ಲಿ, ನನ್‌ಗಳು ಕಲಿಸಿದ ಸುರುಳಿ ಸುರುಳಿ ಅಕ್ಷರದಲ್ಲಿ ಒಂದು ಸೆಂಟೆನ್ಸ್ ಬರೆದೆ. ಥೇಟ್ ನಮ್ಮ ಸಬ್-ಇನ್ಸ್‌ಪೆಕ್ಟರೇ, ಆದರೆ ಪಿಕ್ಚರಿನವನಿಗೆ ದುರಾಸೆ ಸ್ವಲ್ಪ ಕಡಿಮೆ, ಎಂದು ಅದರ ಅರ್ಥ. ಹೆಸರು ಹಾಕಲಿಲ್ಲ. ಮದುವೆಯಾಗದ ಹುಡುಗಿಯ ಹೆಸರು ಬೇಡ ಎಂದು ಕಾಕಾನೂ ಬಿಟ್ಟರು.

"ಏನಂತ ಬರದಿ ನೀಲವ್ವಾ? ಓದಿ ಹೇಳು. ನನಗ ಇಂಗ್ಲಿಷು ಬರಂಗಿಲ್ಲ, ಆದ್ರ ಓದಿ ಹೇಳದ ನಾ ಪುಟ ಮುಗಸಂಗಿಲ್ಲ."

ಅವರು ಗದರಿಸಬಹುದು, ಅಪ್ಪಾಜಿಗೆ ಹೇಳಬಹುದು ಎಂಬ ಅಂಜಿಕೆ. "ಪಿಕ್ಚರ್ ಭಾಳ ಚೊಲೋ ಐತಿ, ಎಲ್ಲಾರೂ ಮಕ್ಕಳುಮರಿ ಕರ್ಕೊಂಡು ಬಂದು ನೋಡ್ರಿ ಅಂತ ಕಾಕಾ" ಎಂದೆ.

ಅವರ ಮುಖ ಅರಳಿತು. ಪುಸ್ತಕದಲ್ಲಿ ಇಷ್ಟು ಒಳ್ಳೆಯ ಮಾತು ಇದೊಂದೇ ಎಂದರು. ಅಕ್ಷರದ ಸುರುಳಿ ಅವರಿಗೆ ಎಷ್ಟು ಹಿಡಿಸಿತೆಂದರೆ, ಅರ್ಜಿಯ ಮೇಲೆ ಕಲೆಕ್ಟರರ ವಿಳಾಸ ಬರೆಯಲು ಉಪಯೋಗಕ್ಕೆ ಬರುತ್ತದೆಂದು ಅದೇ ಸೆಂಟೆನ್ಸನ್ನು ರದ್ದಿ ಕಾಗದದ ಮೇಲೆ ಹತ್ತಾರು ಸಲ ತಿದ್ದಿದರು. ಓದಲು ಬಾರದ ಅಕ್ಷರ, ಆದರೂ ರಂಗೋಲಿಯ ಎಳೆ ಹಿಡಿದಂತೆ ಹಿಡಿದುಬಿಟ್ಟರು. ನಾನು ನಗು ತಡೆದುಕೊಂಡು ನೋಡುತ್ತಾ ನಿಂತಿದ್ದೆ.

ಎರಡು ದಿನದ ಮೇಲೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಇಬ್ಬರು ಕಾನ್‌ಸ್ಟೇಬಲ್‌ಗಳು ಡೇರೆಯ ಹತ್ತಿರ ಬಂದು ಕಾಕಾನನ್ನೂ ಪುಸ್ತಕವನ್ನೂ ಎಬ್ಬಿಸಿಕೊಂಡು ಹೊರಟರು. ಹೋದದ್ದು ಠಾಣೆಗಲ್ಲ, ನಮ್ಮ ಮಿಲ್ಲಿನ ಆಫೀಸು ಕೋಣೆಗೆ. ಸಬ್-ಇನ್ಸ್‌ಪೆಕ್ಟರು ಆಗಲೇ ಅಪ್ಪಾಜಿಯ ಕುರ್ಚಿಯಲ್ಲಿ ಕೂತಿದ್ದರು. ಪುಸ್ತಕದಲ್ಲಿ ಜನ ಅವರ ಮೇಲೆ ಏನೋ ಬರೆಸಿದ್ದಾರೆಂದು ಯಾರೋ ಹೇಳಿದ್ದರು. ದಕ್ಷಿಣದ ತಮಿಳು ಸೀಮೆಯವರು, ಕನ್ನಡ ಒಂದಿಷ್ಟು ಕಿವಿಗೆ ಬಿದ್ದು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಠಾಣೆಯ ರೈಟರ್ ಈ ಊರಿನವನೇ, ಅವನೂ ಆಟ ನೋಡಿ ನಕ್ಕಿದ್ದನೆಂದು ಅವರಿಗೆ ಸುದ್ದಿ ಇತ್ತು. ಅದಕ್ಕೇ ಕಾನ್ವೆಂಟಿನ ಹುಡುಗಿಯನ್ನು ಕರೆಯಿರಿ ಎಂದು ಅಪ್ಪಾಜಿಗೆ ಹೇಳಿದ್ದರು. ಕಾಕಾ ಓದಬೇಕು, ನಾನು ಪಕ್ಕದಲ್ಲಿ ಕೂತು ಪುಟ ನೋಡುತ್ತಾ ಇಂಗ್ಲಿಷಿಗೆ ತಿರುಗಿಸಬೇಕು.

ನನ್ನ ಕಡೆ ನೋಡಿ ಇಂಗ್ಲಿಷಿನಲ್ಲೇ ಅಂದರು: "ಕಾನ್ವೆಂಟ್ ಗರ್ಲ್ಸ್ ಡು ನಾಟ್ ಟೆಲ್ ಲೈಸ್."

ಹಿಂದಿನ ವಾರವಷ್ಟೇ ಬೀಡಿ ಅಂಗಡಿಯವನೊಬ್ಬನನ್ನು ಎದುರುತ್ತರ ಕೊಟ್ಟನೆಂದು ಎರಡು ದಿನ ಒಳಗಿಟ್ಟಿದ್ದರು. ಹೊರಗೆ ಬಂದಾಗ ಅವನು ಕುಂಟುತ್ತಿದ್ದ. ಕಾಕಾನ ತೊಡೆಯ ಮೇಲಿದ್ದ ಪುಸ್ತಕದಲ್ಲಿ ಸಾಹೇಬರ ಮೇಲೆ ಬರೆಸಿದವರೇ ನಲವತ್ತರ ಹತ್ತಿರ ಇದ್ದರು, ಪ್ರತಿಯೊಬ್ಬರೂ ಹೆಸರು ಓಣಿ ಸಮೇತ. ಗೋಡೆಯಾಚೆ ಮಿಲ್ಲಿನ ಬೆಲ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು. ಬಾಗಿಲಿಗೆ ಒಬ್ಬ ಕಾನ್‌ಸ್ಟೇಬಲ್ ಬೆನ್ನು ಕೊಟ್ಟು ನಿಂತ.

ಕಾಕಾ ಈರಣ್ಣನ ಮೀಸೆಯ ಮಾತು ಓದಿದರು. ನಾನು ಹೇಳಿದೆ. ಸಾಹೇಬರು ನಕ್ಕರು. ಗಾಡಿಯವನ ಆಡು. ಮತ್ತೆ ನಕ್ಕರು. ಪುಟ ತಿರುಗಿತು. ಹುಲುಗಪ್ಪ.

ಕಾಕಾ ಕೆಮ್ಮಿದರು. ಅವರ ಬೆರಳು ಮೊದಲ ಸಾಲಿನ ಮೇಲಿತ್ತು. ಆ ಸಾಲು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಓದಿದ್ದು ಬೇರೆ: "ಬಾಳಿಹಣ್ಣಿನ ಸೀನು ಭಾಳ ಚಲೋ ಬಂದೈತಿ. ಅದನ್ನ ನೋಡಿದ ಮ್ಯಾಗ ನನ್ನ ಅಂಗಡ್ಯಾಗ ಯಾಪಾರ ಜಾಸ್ತಿ ಆಗೈತಿ. ಟಾಕೀಸಿನವರಿಗೆ ಶರಣು."

ಹುಲುಗಪ್ಪನದೇ ದನಿ. ಅವನು ಮಾತಿನ ನಡುವೆ ಮೂಗು ಎಳೆದುಕೊಳ್ಳುತ್ತಿದ್ದದ್ದು ಕೂಡ ಇತ್ತು. ಬೆರಳು ಬರೆದದ್ದರ ಮೇಲೆ ಸರಿಯುತ್ತಿತ್ತು, ಬಾಯಿ ಬರೆಯದ್ದನ್ನು ಹೇಳುತ್ತಿತ್ತು. ಸಾಹೇಬರು ನನ್ನ ಕಡೆ ನೋಡಿದರು. ನಾನು ಕಾಕಾ ಓದಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅವರು, "ಗೋ ಆನ್" ಎಂದರು.

ಹೀಗೇ ಒಂದು ಗಂಟೆಯ ಮೇಲಾಯಿತು. ಬಳೆಗಾರ, ಗಾಣದವರು, ಹುಣಸೆಹಣ್ಣಿನ ವ್ಯಾಪಾರದ ಮುದುಕಿ, ಒಬ್ಬೊಬ್ಬರ ಬಾಯಲ್ಲೂ ಕಾಕಾ ಅಲ್ಲೇ ಕೂತು ಹೊಸ ಅಭಿಪ್ರಾಯ ಹುಟ್ಟಿಸಿದರು. ಒಬ್ಬರಿಗೆ ಹಾಡು ಹಿಡಿಸಿತ್ತು, ಒಬ್ಬರಿಗೆ ಕೊಂಬಿನಿಂದ ಹಾಯುವ ಆಡು ನೋಡಿ ಅಂಜಿಕೆಯಾಗಿತ್ತು. ಮುದುಕಿ ಮಾತ್ರ ಡೊಳ್ಳಪ್ಪನ ಹೆಂಡತಿ ಸೀರೆ ಉಟ್ಟ ರೀತಿ ಸರಿಯಿಲ್ಲ ಎಂದು ಬೈದಳು. ಎಲ್ಲವೂ ಹೊಗಳಿಕೆಯಾದರೆ ಅನುಮಾನ ಬರುತ್ತದೆಂದು ಕಾಕಾಗೆ ಗೊತ್ತಿತ್ತು. ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಆದರೆ ಮಾತು ಎಲ್ಲೂ ಮುಗ್ಗರಿಸಲಿಲ್ಲ. ಹತ್ತಿರ ಹತ್ತಿರ ನಲವತ್ತು ಜನರನ್ನು ಅವರು ಒಬ್ಬೊಬ್ಬರಾಗಿ ಆಚೆ ದಾಟಿಸಿದರು.

ಸಾಹೇಬರ ಮುಖ ಸಡಿಲಾಗಿತ್ತು. ಎದ್ದು ಟೋಪಿಗೆ ಕೈ ಹಾಕಿದರು. ಅಲ್ಲಿಗೆ ಮುಗಿದಿತ್ತು. ಆಗ ಕಾಕಾ, ಹೊರೆ ಇಳಿಸಿದ ಮನುಷ್ಯನ ಸಂತೋಷದಲ್ಲಿ, ಇನ್ನೊಂದು ಪುಟ ತಿರುಗಿಸಿ ಪುಸ್ತಕವನ್ನು ಎರಡೂ ಕೈಲಿ ಹಿಡಿದು ಅವರ ಮುಂದೆ ಚಾಚಿದರು.

"ಇದೊಂದು ಇಂಗ್ಲಿಷಿನಾಗ ಐತ್ರಿ ಸಾಹೇಬ್ರ. ಎಲ್ಲಾದಕ್ಕಿಂತ ಒಳ್ಳೇ ಮಾತು. ನೀವ ಓದ್ರಿ."

ನಾನು "ಕಾಕಾ" ಎಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ಬೆಲ್ಟಿನ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ.

ಸಾಹೇಬರು ಓದಿದರು. ಎರಡನೆಯ ಸಲ ಓದಿದರು. ಆಮೇಲೆ ಪುಸ್ತಕವನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಈ ಊರಿನಲ್ಲಿ ಆ ಸುರುಳಿ ಅಕ್ಷರ ಬರೆಯುವವರು ಎಷ್ಟು ಜನ? ಅಪ್ಪಾಜಿ ಮೆಲ್ಲಗೆ ಎದ್ದು ನಿಂತರು.

"ಹೂ ರೋಟ್ ದಿಸ್?"

ಕಾಕಾ ಮೊದಲು ಅವರ ಮುಖ ನೋಡಿದರು, ಆಮೇಲೆ ನನ್ನದು. ಅಷ್ಟೇ. ಯಾರೂ ಏನೂ ಹೇಳಬೇಕಾಗಲಿಲ್ಲ.

"ನಾನ್ರಿ" ಎಂದರು.

"ನಿನಗೆ ಇಂಗ್ಲಿಷ್ ಬರುತ್ತಾ? ಹೆಸರಿಲ್ಲ ಇದಕ್ಕೆ. ಎಲ್ಲದಕ್ಕೂ ಇದೆ."

"ಪುಸ್ತಕ ನಂದು. ನನ್ನ ಪುಸ್ತಕದಾಗ ನನ್ನ ಹೆಸರು ಯಾಕ ಹಾಕ್ಕೊಳ್ಳಲ್ರಿ?"

ಸಾಹೇಬರು ಪುಸ್ತಕ ಮುಚ್ಚಿ ಅದರ ಮೇಲೆ ಅಂಗೈ ಇಟ್ಟರು. ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. "ಬರೆ, ನೋಡೋಣ" ಎಂದರು.

ಕಾಕಾ ಅಪ್ಪಾಜಿಯ ಮಸಿಕುಡಿಕೆಗೆ ಪೆನ್ನು ಅದ್ದಿ ಕಣ್ಣು ಮುಚ್ಚಿದರು. ಇಂಗ್ಲಿಷಿನ ಒಂದಕ್ಷರ ಓದಲು ಬಾರದ ಆ ಮನುಷ್ಯನ ಕೈಯಿಂದ ನನ್ನ ಸೆಂಟೆನ್ಸು, ನನ್ನದೇ ಸುರುಳಿ, ನನ್ನದೇ ಬಾಗು, ಕೊನೆಯ ಫುಲ್‌ಸ್ಟಾಪಿನವರೆಗೆ ಇಳಿಯಿತು. ನಾನು ಬಾಯಿ ತೆರೆಯಬಹುದಾಗಿತ್ತು. ಅವರು ಬರೆಯುತ್ತಿದ್ದಷ್ಟು ಹೊತ್ತೂ ತೆರೆಯಬಹುದಾಗಿತ್ತು. ಬಾಗಿಲಲ್ಲಿ ನಿಂತ ಕಾನ್‌ಸ್ಟೇಬಲ್ ಹೆಗಲು ಬದಲಿಸಿದ. ನಾನು ನನ್ನ ಲಂಗದ ಅಂಚು ನೋಡುತ್ತಾ ಕೂತೆ.

ಸಾಹೇಬರು ನಂಬಿದರೋ, ಮಿಲ್ಲಿನ ಸಾವಕಾರರ ಮಗಳಿಗಿಂತ ಜಗಲಿಯ ಅರ್ಜಿಯವನನ್ನು ನಂಬುವುದು ಸಲೀಸು ಎಂದುಕೊಂಡರೋ. ಪುಸ್ತಕದ ಆ ಒಂದು ಪುಟ ಹರಿದು ಜೇಬಿಗಿಟ್ಟುಕೊಂಡರು. ಉಳಿದದ್ದನ್ನು ಮೇಜಿನ ಮೇಲೆ ಬಿಸಾಡಿದರು. ಕಾಕಾನನ್ನು ನಡೆಸಿಕೊಂಡು ಹೋದರು. ಅಪ್ಪಾಜಿ ಹಿಂದೆಯೇ ಓಡಿದರು, ಯಾರ ಯಾರ ಕಾಲು ಹಿಡಿದರೋ, ಮರುದಿನ ಬಿಡಿಸಿಕೊಂಡು ಬಂದರು. ಕಾಕಾನ ಬಲಗೈಗೆ ಬಟ್ಟೆ ಸುತ್ತಿತ್ತು. ಕಚೇರಿಯ ಜಗಲಿಯ ಮೇಲೆ ಮತ್ತೆ ಕಂಡರೆ ಪರಿಣಾಮ ನೆಟ್ಟಗಿರುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಡೇರೆಯವರು ಅದಕ್ಕೂ ಮೊದಲೇ ಗಂಟು ಕಟ್ಟಿದ್ದರು.

ನಾನು ಅವರ ಮನೆಗೆ ಹೋಗಲಿಲ್ಲ. ತಲೆನೋವು ಎಂದು ಮಲಗಿದೆ. ನಾಲ್ಕು ದಿನದಲ್ಲಿ ಕಾಕಾ ಮನೆಗೆ ಬೀಗ ಹಾಕಿ ಸಂಡೂರಿಗೆ ಹೋದರು. ಅದು ಸಂಸ್ಥಾನ. ಗಡಿ ದಾಟಿದರೆ ಮದ್ರಾಸು ಸರ್ಕಾರದ ಪೊಲೀಸರ ದರ್ಪ ಅಲ್ಲಿಗೆ ನಿಲ್ಲುತ್ತಿತ್ತು. ಹೋಗುವ ಮೊದಲು ಪುಸ್ತಕವನ್ನು ನಮ್ಮ ಮಿಲ್ಲಿನ ಒಲೆಗೆ ತಾವೇ ಹಾಕಿದರಂತೆ. ಯಾರೋ ಹಮಾಲ ಹೇಳಿದ.

ನನ್ನ ಮದುವೆ ಗೊತ್ತಾದ ವರ್ಷ, ಕಾರ್ಡು ಕೊಡಲು ಅಪ್ಪಾಜಿಯ ಜೊತೆ ಸಂಡೂರಿಗೆ ಹೋದೆ. ಗುಡ್ಡದ ಗಣಿ ಕೆಲಸದವರಿಗೆ ಕಾಕಾ ಊರಿನ ಕಾಗದ ಬರೆದುಕೊಡುತ್ತಿದ್ದರು. ಬೇವಿನ ಮರದ ಕೆಳಗೆ ಚಾಪೆ. ಐದಾರು ಜನ ಸರದಿಯಲ್ಲಿ ಕೂತಿದ್ದರು. ಕೆಂಪು ಧೂಳಿಗೆ ಅವರ ಧೋತರದ ಬಣ್ಣವೂ ತಿರುಗಿತ್ತು. ಪೆನ್ನನ್ನು ಎಡಗೈಗೆ ರೂಢಿ ಮಾಡಿಕೊಂಡಿದ್ದರು. ಈಗ ಕಾಗದ ನೋಡಿಕೊಂಡೇ ಬರೆಯಬೇಕಾಗಿತ್ತು.

"ಬಾ ನೀಲವ್ವಾ. ಲಗ್ನ ಅಂತಲ್ಲ. ಕುಂದ್ರು, ಚಾಪಿ ಮ್ಯಾಲ ಕುಂದ್ರು. ಸೀರಿ ಹೊಲಸಾಗತೈತಿ ಅಂತ ನೋಡಬ್ಯಾಡ, ಈ ಊರಾಗ ಎಲ್ಲಾರದ್ದೂ ಹಂಗ."

ಅಪ್ಪಾಜಿ ಯಾರನ್ನೋ ಮಾತಾಡಿಸಲು ಆಚೆ ಹೋದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ಕಾಕಾ, ನಾನು ಅವತ್ತು ಬರೆದದ್ದು..." ಎಂದು ಶುರು ಮಾಡಿ, ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ, ಏನೂ ಬಿಡದೆ, ಹೇಳಿದೆ.

ಅವರು ಕೇಳಿಸಿಕೊಂಡರು. ಆಮೇಲೆ ನಕ್ಕರು. ನಗು ಬಂದೇ ನಕ್ಕರು.

"ದುರಾಸಿ ಕಮ್ಮಿ ಅಂತ ಬರದಿದ್ದೇನು? ಚಲೋ ಬರದಿ. ಹುಲುಗಪ್ಪಂದಕ್ಕಿಂತ ಚಲೋ ಐತಿ."

ಅವರು ಬೈದಿದ್ದರೆ ನಾನು ಅತ್ತುಬಿಡುತ್ತಿದ್ದೆ. ನಗು ನಿಂತ ಮೇಲೆ ಅವರು ಎಡಗೈಯಿಂದ ಪೆನ್ನಿನ ಮುಳ್ಳು ಒರೆಸುತ್ತಾ, ನನ್ನ ಕಡೆ ನೋಡದೆ ಹೇಳಿದರು:

"ಅವತ್ತ ಡೇರೆ ಮುಂದ ಖರೇ ಹೇಳಿದ್ರ ಸಾಕಿತ್ತವ್ವಾ. ನಾನೇನ್ ಬೈತಿದ್ದಿಲ್ಲ. ಅವರೆಲ್ಲಾರದ್ದೂ ನನಗ ಗೊತ್ತಿತ್ತು, ಅದಕ್ಕ ಮುಚ್ಚಿದೆ. ನಿಂದೊಂದು ಗೊತ್ತಿದ್ದಿಲ್ಲ."

ಸರದಿಯಲ್ಲಿದ್ದ ಹೆಂಗಸೊಬ್ಬಳು, "ಮಾಸ್ತರ್ರೇ, ಗಣಿ ಲಾರಿ ಬರೋ ಹೊತ್ತಾತು, ನಂದಿಷ್ಟು ಬರದು ಕೊಡ್ರಿ" ಎಂದು ಮುಂದೆ ಸರಿದಳು. ನಾನು ಎದ್ದು ಅವಳಿಗೆ ಜಾಗ ಬಿಟ್ಟೆ. ತವರಿಗೆ ಕಾಗದ, ತಮ್ಮನಿಗೆ ಜ್ವರ ಹೇಗಿದೆ ಎಂದು ಕೇಳಬೇಕಾಗಿತ್ತು ಅವಳಿಗೆ. ಕಾಕಾ ಬರೆಯತೊಡಗಿದರು. ಅಕ್ಷರ ದೊಡ್ಡದಾಗಿತ್ತು, ಸಾಲು ಮೇಲಕ್ಕೆ ಏರುತ್ತಿತ್ತು.

ಮದುವೆಗೆ ಅವರು ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರೆಂದು ಅಪ್ಪಾಜಿಯ ಕಾಗದದಲ್ಲಿ, ಅಕ್ಕಿಯ ಸುದ್ದಿಗೂ ಅಮ್ಮನ ಮೊಣಕಾಲು ನೋವಿಗೂ ನಡುವೆ, ಒಂದು ಸಾಲು ಇತ್ತು. ಕಾಕಾನ ಬಗ್ಗೆ ಏನಾದರೂ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಇಂಗ್ಲಿಷಿನಲ್ಲಿ ಸುಲಭವಾಗಿ ಬರುತ್ತಿತ್ತು, ಅದಕ್ಕೇ ಹರಿದು ಹಾಕುತ್ತಿದ್ದೆ. ಇದನ್ನು ಬರೆದು ಮುಗಿಸಿ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಮೊದಲಿನಿಂದ ಒಂದು ಸಲ ಗಟ್ಟಿಯಾಗಿ ಓದಿದೆ. ಎರಡು ಕಡೆ ನನ್ನನ್ನು ನಾನೇ ಒಳ್ಳೆಯವಳಾಗಿ ಮಾಡಿಕೊಂಡಿದ್ದೆ. ಅವೆರಡನ್ನೂ ಹೊಡೆದು ಹಾಕಿದ್ದೇನೆ.